ಗುರಿ ಹತ್ತಿರವಾದಾಗ ಬರುವ ಹುರುಪು ನಿಜವಾದ ಶಕ್ತಿಯೇ?

ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಬ್ಬರೇ ಸೈಕಲ್ ತುಳಿಯುವವರು ಈಗ ಅಪರೂಪವೇನಲ್ಲ. ಮೂರೂವರೆ ಸಾವಿರ ಕಿಲೋಮೀಟರ್ ಮೀರುವ ಈ ಹೆದ್ದಾರಿ ನಮ್ಮ ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ಬೆಂಗಳೂರನ್ನು ಹಾದು ತಮಿಳುನಾಡಿಗೆ ಇಳಿಯುತ್ತದೆ. ಹೀಗೆ ಹೊರಟವರೊಬ್ಬರು ಮದುರೈ ತಲುಪಿದ್ದಾರೆ ಎಂದುಕೊಳ್ಳೋಣ. ಇನ್ನು ಉಳಿದಿರುವುದು ಸುಮಾರು 245 ಕಿ.ಮೀ. ದಿನಕ್ಕೆ ನೂರಿಪ್ಪತ್ತು ಕಿ.ಮೀ. ತುಳಿಯುತ್ತಾ ಬಂದವರಿಗೆ ಇದು ಎರಡು ದಿನದ ದಾರಿ. ಆದರೆ ಬೆಳಿಗ್ಗೆ ಏಳುವಾಗಲೇ ಕಾಲಲ್ಲಿ ಏನೋ ಹೊಸ ಕಸುವು. ‘ಇಷ್ಟು ದೂರ ಬಂದಾಗಿದೆ, ಇವತ್ತೇ ಮುಗಿಸಿಬಿಡೋಣ’ ಎಂದು ಮನಸ್ಸು ಹೇಳುತ್ತದೆ.

ಈ ಮಾತನ್ನು ನಂಬಬಹುದೇ? ನೋಡೋಣ.

ಹುರುಪು ಎಲ್ಲಿಂದ ಬರುತ್ತದೆ?

ಅಮೆರಿಕದ ಮನಶ್ಶಾಸ್ತ್ರಜ್ಞ ಕ್ಲಾರ್ಕ್ ಹಲ್ 1930ರ ದಶಕದಲ್ಲಿ ಇಲಿಗಳನ್ನು ಆಹಾರವಿರುವ ದಾರಿಯಲ್ಲಿ ಓಡಿಸಿ ನೋಡಿದರು. ಆಹಾರ ಹತ್ತಿರವಾದಂತೆ ಇಲಿಗಳ ಓಟ ಚುರುಕಾಗುತ್ತಿತ್ತು. ಮನುಷ್ಯರಲ್ಲೂ ಇಂಥದ್ದೇ ವರ್ತನೆ ಇದೆ. ಮ್ಯಾರಥಾನ್ ಓಟಗಾರರು ಸುಸ್ತಾಗಿದ್ದರೂ ಕೊನೆಯ ಗೆರೆ ಕಂಡೊಡನೆ ವೇಗ ಹೆಚ್ಚಿಸುವುದನ್ನು ನಾವೆಲ್ಲ ನೋಡಿದ್ದೇವೆ.

ನಮ್ಮ ಮಿದುಳು ದೂರದ ಅಂದಾಜು ಇಟ್ಟುಕೊಂಡು ಶಕ್ತಿಯನ್ನು ಅಳೆದು ಖರ್ಚು ಮಾಡಿಸುತ್ತದೆ ಎಂದು ಜರ್ಮನಿಯ ಹಾನ್ಸ್ ಫೋಲ್ಕಾರ್ಟ್ ಉಲ್ಮರ್ 1996ರಲ್ಲಿ ವಿವರಿಸಿದರು. ದಾರಿ ಉದ್ದ ಉಳಿದಿದ್ದರೆ ಬಿಗಿ ಹಿಡಿತ, ಮುಗಿಯುತ್ತಾ ಬಂದರೆ ಸಡಿಲ. ಅಂದರೆ ಈ ಹುರುಪು ಸುಳ್ಳಲ್ಲ. ಆದರೆ ಅದು ಹೊಸದಾಗಿ ಬಂದ ಶಕ್ತಿಯೂ ಅಲ್ಲ, ಕೂಡಿಟ್ಟದ್ದನ್ನು ತೆಗೆದು ಖರ್ಚು ಮಾಡಲು ಸಿಕ್ಕ ಅನುಮತಿ ಅಷ್ಟೇ.

‘ದೇಹ ಈಗ ಪಳಗಿದೆ’ ಎಂಬುದು ಎಷ್ಟು ನಿಜ?

ಅರ್ಧ ನಿಜ. ವಾರಗಟ್ಟಲೆ ತುಳಿದರೆ ಹೃದಯ ಮತ್ತು ಕಾಲಿನ ಸ್ನಾಯುಗಳು ಪಳಗುತ್ತವೆ. ಆದರೆ ನಿದ್ದೆಯ ಬಾಕಿ ಪಳಗುವುದಿಲ್ಲ, ಬೆಳೆಯುತ್ತಾ ಹೋಗುತ್ತದೆ. ಸೀಟಿಗೆ ಉಜ್ಜಿ ಹುಣ್ಣಾದ ಚರ್ಮವೂ ಬಿಡುವಿಲ್ಲದೆ ಮಾಯುವುದಿಲ್ಲ. ಹ್ಯಾಂಡಲ್ ಮೇಲೆ ಭಾರ ಹಾಕಿ ಹಾಕಿ ಅಂಗೈಯಲ್ಲಿ ಹಾಯುವ ಅಲ್ನಾರ್ ನರ ಒತ್ತಿಕೊಂಡು ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಕೈಯ ಹಿಡಿತವೂ ಕುಗ್ಗಬಹುದು. ಬ್ರೇಕ್ ಹಿಡಿಯಬೇಕಾದದ್ದು ಇದೇ ಕೈ.

ಒಂದು ದಿನದಲ್ಲಿ ಮುಗಿಸಿದರೆ?

ಲೆಕ್ಕ ಹಾಕೋಣ. ಗಂಟೆಗೆ 18 ಕಿ.ಮೀ. ವೇಗದಲ್ಲಿ 245 ಕಿ.ಮೀ. ತುಳಿಯಲು ಹದಿಮೂರೂವರೆ ಗಂಟೆ ಬೇಕು. ಊಟ, ತಿಂಡಿ, ವಿಶ್ರಾಂತಿಗೆ ಎರಡೂವರೆ ಗಂಟೆ ಸೇರಿಸಿ. ನಾಲ್ಕಕ್ಕೆ ಎದ್ದು ಐದಕ್ಕೆ ಹೊರಟವರು ಸೇರುವುದು ರಾತ್ರಿ ಒಂಬತ್ತಕ್ಕೆ. ಆಗ ಅವರು ಎಚ್ಚರವಾಗಿ 17 ಗಂಟೆ ಆಗಿರುತ್ತದೆ. 17 ಗಂಟೆ ಎಚ್ಚರವಿದ್ದವರ ಚುರುಕುತನ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯಸಾರ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ನಮ್ಮ ದೇಶದಲ್ಲಿ ಮೋಟಾರು ವಾಹನ ಓಡಿಸುವವರಿಗೆ ಇರುವ ಮಿತಿ 30 ಮಿ.ಗ್ರಾಂ. ಅಂಥ ಸ್ಥಿತಿಯಲ್ಲಿ, ಕತ್ತಲಲ್ಲಿ, ಲಾರಿಗಳ ನಡುವೆ ಕೊನೆಯ ಹತ್ತಿಪ್ಪತ್ತು ಕಿ.ಮೀ. ದಾಟಬೇಕು.

ಇದರ ಮೇಲೆ ಗಾಳಿ. ಪಶ್ಚಿಮ ಘಟ್ಟದ ದಕ್ಷಿಣ ತುದಿಯಲ್ಲಿರುವ ಅರಳ್ವಾಯ್‌ಮೊಳಿ ಕಣಿವೆಯಿಂದ ಮುಂಗಾರಿನ ಗಾಳಿ ರಭಸವಾಗಿ ನುಗ್ಗುತ್ತದೆ. ಮುಪ್ಪಂದಲ್‌ನಲ್ಲಿ ಸಾಲು ಸಾಲು ಗಾಳಿಯಂತ್ರಗಳು ನಿಂತಿರುವುದು ಇದಕ್ಕೇ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನೀವು 20 ಕಿ.ಮೀ. ವೇಗದಲ್ಲಿದ್ದು ಎದುರುಗಾಳಿಯೂ 20 ಕಿ.ಮೀ. ವೇಗದಲ್ಲಿದ್ದರೆ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹಾಗಾಗಿ ಒಂಬತ್ತು ಗಂಟೆ ಎಂಬ ಲೆಕ್ಕವೂ ಉಳಿಯುವುದಿಲ್ಲ.

‘ತಲುಪಿದ ಮೇಲೆ ತಿಂದರಾಯಿತು, ನೀರು ಕುಡಿದರೆ ಸಾಕು’

ಇದೂ ತಪ್ಪು. ಸ್ನಾಯು ಮತ್ತು ಯಕೃತ್ತಿನಲ್ಲಿರುವ ಗ್ಲೈಕೋಜನ್ ಸುಮಾರು 500 ಗ್ರಾಂ, ಅಂದರೆ 2,000 ಕ್ಯಾಲೊರಿ. ಅದು ಕೆಲವೇ ಗಂಟೆಗಳ ತುಳಿತಕ್ಕೆ ಆಗುವಷ್ಟು. ಅದು ತೀರಿದರೆ ಕಾಲು ಸೋಲುತ್ತದೆ, ತಲೆ ಸುತ್ತುತ್ತದೆ, ಸರಿ ತಪ್ಪು ತೂಗುವ ಬುದ್ಧಿಯೂ ಮಂಕಾಗುತ್ತದೆ. ಗಂಟೆಗೊಮ್ಮೆ ಒಂದೆರಡು ಬಾಳೆಹಣ್ಣು ಅಥವಾ ಚಿಕ್ಕಿಯಂಥ ಏನನ್ನಾದರೂ ತಿನ್ನುತ್ತಿರಬೇಕು.

ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಬಾಯಾರಿಕೆ ಮೀರಿ ಬರಿ ನೀರನ್ನೇ ಕುಡಿಯುತ್ತಿದ್ದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತವೆ. ಅದನ್ನು ನೀರಿನ ಕೊರತೆ ಎಂದು ತಿಳಿದು ಇನ್ನಷ್ಟು ಕುಡಿದರೆ ಜೀವಕ್ಕೇ ಅಪಾಯ. ಬಾಯಾರಿದಷ್ಟು ಕುಡಿಯಿರಿ, ಊಟದಲ್ಲಿ ಉಪ್ಪಿರಲಿ. ಓಆರ್‌ಎಸ್ ಪೊಟ್ಟಣ ಜೊತೆಗಿರಲಿ.

ಒಬ್ಬರೇ ಇದ್ದಾಗ ಏನು ಮಾಡಬೇಕು?

ಜೊತೆಗಾರರಿದ್ದರೆ ‘ಯಾಕೋ ಸೈಕಲ್ ವಾಲುತ್ತಿದೆ, ನಿಲ್ಲಿಸು’ ಎನ್ನುತ್ತಾರೆ. ಒಬ್ಬರೇ ಹೊರಟವರಿಗೆ ಆ ಕಣ್ಣು ಇರುವುದಿಲ್ಲ. ದಣಿದ ಮಿದುಳಿಗೆ ತನ್ನ ದಣಿವೇ ಸರಿಯಾಗಿ ತಿಳಿಯುವುದಿಲ್ಲ. ಆದ್ದರಿಂದ ಕೊನೆಯ ದಿನಗಳ ತೀರ್ಮಾನವನ್ನು ಹುರುಪಿನ ಕೈಗೆ ಕೊಡದೆ ಮೊದಲೇ ಬರೆದಿಟ್ಟುಕೊಳ್ಳುವುದು ಲೇಸು. ದಿನದ ದೂರ ಎಂದಿನಷ್ಟೇ ಇರಲಿ, ಕತ್ತಲಾಗುವ ಮೊದಲೇ ತುಳಿತ ನಿಲ್ಲಲಿ. ಹೊರಡುವ ಮುನ್ನ ಬ್ರೇಕ್ ಮತ್ತು ಟೈರು ನೋಡಿ. ಬೆರಳಿಗೆ ಜೋಮು ಬಂದರೆ ಹಿಡಿತ ಬದಲಿಸಿ. ತಂಗುವ ಊರನ್ನು ಮನೆಯವರಿಗೆ ಮುಂಚೆಯೇ ತಿಳಿಸಿ, ತಲುಪಿದೊಡನೆ ಫೋನ್ ಮಾಡಿ.

ಕೋವಿಲ್‌ಪಟ್ಟಿಯಲ್ಲೋ ತಿರುನೆಲ್ವೇಲಿಯಲ್ಲೋ ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ಕಳೆದುಕೊಳ್ಳುವುದು ಒಂದೇ ದಿನ. ಮರುದಿನ ಹಗಲಲ್ಲೇ ತಲುಪಿ ಕಡಲನ್ನು ಕಣ್ತುಂಬ ನೋಡಬಹುದು.