ಟೆಕ್‌ನಿಂದ ಗಿಟ್‌ಹಬ್‌ವರೆಗೆ: ಹಂಚಿಕೆಯ ಕೋಡ್ ಭಂಡಾರಗಳಲ್ಲಿ ಕನ್ನಡ

ಕನ್ನಡ ಗಣಕೀಕರಣದ ಚರಿತ್ರೆ ಬರೆಯುವವರು ಹೆಚ್ಚಾಗಿ ಕೀಲಿಮಣೆಯಿಂದ ಹೊರಟು, ಫಾಂಟಿಗೆ ಬಂದು, ಯೂನಿಕೋಡಿನಲ್ಲಿ ಮುಗಿಸುತ್ತಾರೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಬರಹ, ನುಡಿ, ಕನ್ನಡ ಗಣಕ ಪರಿಷತ್ತು – ಇವೆಲ್ಲ ಆ ಕಥನದಲ್ಲಿ ದೊಡ್ಡ ಜಾಗ ಪಡೆದಿವೆ, ಪಡೆಯಬೇಕಾದದ್ದೇ. ಆದರೆ ಇವನ್ನೆಲ್ಲ ನಡೆಸಿದ ಕೋಡ್ ಏನಾಯಿತು, ಬರೆದವರ ಹಾರ್ಡ್‌ಡಿಸ್ಕಿನಲ್ಲೇ ಉಳಿಯಿತೇ, ಇನ್ನೊಬ್ಬರ ಕೈಗೆ ದಾಟಿತೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಈ ಲೇಖನ ಆ ಪ್ರಶ್ನೆಯನ್ನು ಹಿಡಿದು ಹೊರಟಿದೆ. ನನ್ನ ವಾದ ಇಷ್ಟು: ಕನ್ನಡಕ್ಕಾಗಿ ಬರೆದ ಕೋಡ್‌ನಲ್ಲಿ ಬರೆದವರ ಕೈದಾಟಿ ಬಾಳಿದ್ದು, ಯಾವುದಾದರೊಂದು ಪ್ರೋಗ್ರಾಮಿಂಗ್ ಭಾಷೆಯ ಸಮುದಾಯ ಕಟ್ಟಿಕೊಂಡ ಸಾಮೂಹಿಕ ಭಂಡಾರಕ್ಕೆ ಸೇರಿದ ಕೋಡ್. ನಮ್ಮದೇ ಭಂಡಾರ ನಾವು ಕಟ್ಟಲಿಲ್ಲ. ಬೇರೆಯವರ ಭಂಡಾರದಲ್ಲಿ ಒಂದು ಕೋಣೆ ಹಿಡಿದೆವು. ಅದರಿಂದ ನಷ್ಟವೇನೂ ಆಗಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಇಂಥ ಭಂಡಾರಗಳಲ್ಲಿ ಮೊದಲಿಗ ಎನ್ನಬಹುದಾದದ್ದು ಟೆಕ್ ಬಳಗದ್ದು. ಡೊನಾಲ್ಡ್ ಕನೂತ್ 1978ರಲ್ಲಿ ರೂಪಿಸಿದ ಟೆಕ್ ಪುಟವಿನ್ಯಾಸದ ಸಾಧನ ಮಾತ್ರವಲ್ಲ, ಅದೊಂದು ಪ್ರೋಗ್ರಾಮಿಂಗ್ ಭಾಷೆಯೂ ಹೌದು. ಅದರಲ್ಲಿ ಬರೆದ ಮ್ಯಾಕ್ರೋಗಳು ಬೆಳೆದಂತೆ ಅವನ್ನು ಹಂಚುವುದೇ ಕಷ್ಟವಾಯಿತು. ಮೊದಮೊದಲು ಮ್ಯಾಗ್ನೆಟಿಕ್ ಟೇಪುಗಳು ಅಂಚೆಯಲ್ಲಿ ಓಡಾಡಿದವು. ಆಮೇಲೆ ಇಂಗ್ಲೆಂಡಿನ ಆಸ್ಟನ್ ವಿಶ್ವವಿದ್ಯಾಲಯ, ಜರ್ಮನಿಯ ಸ್ಟುಟ್‌ಗಾರ್ಟ್, ಅಮೆರಿಕದ ಕೆಲವು ಕಾಲೇಜುಗಳು ತಂತಮ್ಮ ಎಫ್‌ಟಿಪಿ ಸರ್ವರುಗಳನ್ನು ತೆರೆದವು. ಒಂದೊಂದರಲ್ಲಿ ಒಂದೊಂದು ಬಗೆಯ ವಿಂಗಡಣೆ. ಒಂದೇ ಮ್ಯಾಕ್ರೋದ ಹಳೆಯ ಆವೃತ್ತಿ ಒಂದು ಕಡೆ, ಹೊಸದು ಇನ್ನೊಂದು ಕಡೆ. ಇದನ್ನು ಸರಿಪಡಿಸಲು ಟೆಕ್ ಬಳಕೆದಾರರ ಸಂಘ ಒಂದು ಕಾರ್ಯತಂಡ ಮಾಡಿತು. ಟೆಕ್ಸಾಸಿನ ಸ್ಯಾಮ್ ಹ್ಯೂಸ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಜಾರ್ಜ್ ಗ್ರೀನ್‌ವೇಡ್ ಅದರ ಮುಂದಾಳು. 1992ರಲ್ಲಿ ಕಟ್ಟಿ, 1993ರಲ್ಲಿ ಆಸ್ಟನ್‌ನಲ್ಲಿ ನಡೆದ ಸಂಘದ ಸಭೆಯಲ್ಲಿ ಪ್ರಕಟಿಸಿದ ಆ ವ್ಯವಸ್ಥೆಯೇ ಸಿಟ್ಯಾನ್, ಎಂದರೆ ಟೆಕ್‌ನ ಸಮಗ್ರ ಭಂಡಾರ ಜಾಲ.

ಸಿಟ್ಯಾನ್‌ನ ನಿಜವಾದ ಆವಿಷ್ಕಾರ ಸರ್ವರ್ ಅಲ್ಲ, ಒಪ್ಪಂದ. ಆಗಿನ ಮೂರು ಮುಖ್ಯ ತಾಣಗಳಲ್ಲೂ ಕಡತಗಳ ವಿಂಗಡಣೆ ಒಂದೇ ಆಗಿತ್ತು. ಒಂದು ಕಡೆ ಸೇರಿದ್ದು ಉಳಿದ ಎರಡು ಕಡೆಗೂ ತಾನೇ ತಲುಪಬೇಕಿತ್ತು. ಮ್ಯಾಕ್ರೋಗಳಿಗೊಂದು ವಿಭಾಗ, ಫಾಂಟುಗಳಿಗೊಂದು ವಿಭಾಗ, ಜಗತ್ತಿನ ಭಾಷೆಗಳಿಗೇ ಪ್ರತ್ಯೇಕವಾಗಿ ಒಂದು ವಿಭಾಗ. ಕೋಡ್ ಬದಲಿಸುವ ಸ್ವಾತಂತ್ರ್ಯ ಎಲ್ಲರಿಗೂ ಇದೆ, ಆದರೆ ಬದಲಿಸಿದ್ದಕ್ಕೆ ಹಳೆಯ ಹೆಸರು ಇಡುವಂತಿಲ್ಲ ಎಂಬುದು ಕನೂತ್ ಟೆಕ್‌ಗೇ ಹಾಕಿದ್ದ ಷರತ್ತು. ಇದು ಸಣ್ಣ ಸಂಗತಿಯಂತೆ ಕಾಣುತ್ತದೆ. ಆದರೆ ಹತ್ತು ವರ್ಷ ಹಿಂದಿನ ಕಡತವನ್ನು ಇಂದು ತೆರೆದರೂ ಅದೇ ಪುಟ ಮೂಡುವುದು ಈ ಷರತ್ತಿನಿಂದ.

ಮುಂದಿನ ಭಂಡಾರಗಳು ಇದರ ಹಾದಿಯಲ್ಲೇ ನಡೆದವು. ಪರ್ಲ್ ಬಳಗ 1995ರಲ್ಲಿ ಸಿಪ್ಯಾನ್ ತೆರೆಯಿತು. ಫಿನ್ಲೆಂಡಿನ ಯಾರ್ಕೊ ಹಿಯೆಟಾನಿಯೆಮಿ ಅದನ್ನು ಕಟ್ಟಿದವರು, ಹೆಸರೂ ಮಾದರಿಯೂ ಸಿಟ್ಯಾನ್‌ನಿಂದಲೇ ಬಂದವು. ಸಂಖ್ಯಾಶಾಸ್ತ್ರಜ್ಞರ ಆರ್ ಭಾಷೆಗೆ ವಿಯೆನ್ನಾದ ಕುರ್ಟ್ ಹಾರ್ನಿಕ್ ಮತ್ತು ಫ್ರೆಡ್ರಿಕ್ ಲೈಶ್ 1997ರಲ್ಲಿ ಕ್ರ್ಯಾನ್ ಆರಂಭಿಸಿದಾಗ ಅದರಲ್ಲಿದ್ದದ್ದು 12 ಪ್ಯಾಕೇಜು. ಇಂದು 20,000 ದಾಟಿದೆ. ಪೈಥಾನ್ ಭಂಡಾರ 2003ರದು, ರೂಬಿಯದು 2004ರದು. ಎಲ್ಲವೂ ಒಂದೇ ಗುಣದವಲ್ಲ. ಜಾವಾಸ್ಕ್ರಿಪ್ಟಿನ ಎನ್‌ಪಿಎಮ್‌ನಿಂದ 2016ರ ಮಾರ್ಚಿನಲ್ಲಿ ಒಬ್ಬ ಲೇಖಕ ತನ್ನ 11 ಸಾಲಿನ ಪ್ಯಾಕೇಜನ್ನು ಹಿಂತೆಗೆದುಕೊಂಡಾಗ, ಅದನ್ನು ನೆಚ್ಚಿದ್ದ ಸಾವಿರಾರು ತಂತ್ರಾಂಶಗಳ ನಿರ್ಮಾಣ ಒಮ್ಮೆಲೇ ನಿಂತುಹೋಯಿತು. ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಕೇಳಬಹುದೇ ಎಂಬ ಪ್ರಶ್ನೆಗೆ ಭಂಡಾರ ಮೊದಲೇ ಉತ್ತರ ಬರೆದಿಟ್ಟುಕೊಳ್ಳದಿದ್ದರೆ ಆಗುವ ಪಾಡು ಇದು.

ಭಂಡಾರ ನಿಲ್ಲುವುದು ಒಪ್ಪಂದದ ಮೇಲೆ ಎಂಬ ಮಾತು ಮೈಸೂರಿನವರಿಗೆ ಹೊಸದೇನಲ್ಲ. 1891ರಲ್ಲಿ ಸ್ಥಾಪನೆಯಾದ ಇಲ್ಲಿನ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದು ಒಪ್ಪಿಸಿದ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿತ್ತು, ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಒಪ್ಪಿಸುವ ಒಬ್ಬರು, ಇಟ್ಟುಕೊಳ್ಳುವ ಒಂದು ಜಾಗ, ಓದಿ ಪಟ್ಟಿಗೆ ಸೇರಿಸುವ ಒಬ್ಬರು – ಮೂರರಲ್ಲಿ ಒಂದು ತಪ್ಪಿದ್ದರೂ ಆ ಗ್ರಂಥ ನಮಗೆ ಸಿಗುತ್ತಿರಲಿಲ್ಲ.

ಈಗ ಕನ್ನಡಕ್ಕೆ ಬರೋಣ. ಕನ್ನಡವನ್ನು ಟೆಕ್‌ನಲ್ಲಿ ಮೂಡಿಸುವ ಮೊದಲ ಪ್ಯಾಕೇಜನ್ನು 1990ರ ದಶಕದ ಆರಂಭದಲ್ಲಿ ಜಿ.ಎಸ್. ಜಗದೀಶ್ ಮತ್ತು ವೆಂಕಟೇಶ್ ಗೋಪಿನಾಥ್ ಸಿದ್ಧಪಡಿಸಿದರು. ಆಗಿನ ತಾಂತ್ರಿಕ ಇಕ್ಕಟ್ಟು ಏನೆಂದರೆ, ಒಂದು ಫಾಂಟಿನಲ್ಲಿ ಹೆಚ್ಚೆಂದರೆ 256 ಆಕೃತಿಗಳಿಗೆ ಜಾಗ. ಕನ್ನಡದ ಕಾಗುಣಿತ, ಒತ್ತಕ್ಷರ, ಅರ್ಕಾವೊತ್ತುಗಳನ್ನೆಲ್ಲ ಬಿಡಿಬಿಡಿಯಾಗಿ ಕೊರೆದರೆ ಅದಕ್ಕೆ ಹತ್ತಾರು ಪಟ್ಟು ಬೇಕು. ಹಾಗಾಗಿ ಅಕ್ಷರದ ತುಂಡುಗಳನ್ನು ಕನೂತ್ ಅವರದೇ ಮೆಟಾಫಾಂಟ್ ಭಾಷೆಯಲ್ಲಿ ಬರೆದು, ರೋಮನ್ ಲಿಪಿಯಲ್ಲಿ ಟೈಪಿಸಿದ ಕನ್ನಡವನ್ನು ಮೊದಲು ಒಂದು ಪ್ರತ್ಯೇಕ ಪ್ರೋಗ್ರಾಮಿನ ಮೂಲಕ ಹಾಯಿಸಿ, ಅದು ಜೋಡಿಸಿಕೊಟ್ಟ ತುಂಡುಗಳನ್ನು ಟೆಕ್‌ಗೆ ಉಣಿಸುವ ಉಪಾಯ ಮಾಡಿದರು. ದೇವನಾಗರಿಗೆ ಡಚ್ಚರ ಫ್ರಾನ್ಸ್ ವೆಲ್ಟ್‌ಹೌಸ್ ಇದೇ ಹೊತ್ತಿಗೆ ಇದೇ ದಾರಿ ಹಿಡಿದಿದ್ದರು. ಇವತ್ತಿನ ಕಣ್ಣಿಗೆ ಆ ಅಕ್ಷರಗಳು ಸೊಗಸಾಗಿ ಕಾಣಲಾರವು. ಆದರೂ ಸಿಟ್ಯಾನ್‌ನ ಭಾಷಾ ವಿಭಾಗದಲ್ಲಿ ಕನ್ನಡದ ಹೆಸರು ಸೇರಿದ್ದು ಹೀಗೆ, ಕನ್ನಡದಲ್ಲಿ ಅಂತರಜಾಲ ತಾಣಗಳೇ ಇಲ್ಲದ ಕಾಲದಲ್ಲಿ.

ಟೆಕ್‌ಗೂ ಮೈಸೂರು ಸೀಮೆಗೂ ಮುಂದೆ ನಂಟು ಬೆಳೆಯಿತು. ಗಣಿತಜ್ಞ ಸಿ.ಎಸ್. ಯೋಗಾನಂದ ಅವರು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತ ಕನ್ನಡ ಟೆಕ್ ಕೆಲಸವನ್ನು ಮುಂದುವರಿಸಿದರು. ಶ್ರೀರಂಗಪಟ್ಟಣದ ಶ್ರೀರಂಗ ಡಿಜಿಟಲ್ ಸಾಫ್ಟ್‌ವೇರ್ ಟೆಕ್ನಾಲಜೀಸ್ ಪುಸ್ತಕ, ನಿಯತಕಾಲಿಕಗಳ ಪುಟವಿನ್ಯಾಸವನ್ನೂ ಡಿಜಿಟಲೀಕರಣವನ್ನೂ ಕೈಗೆತ್ತಿಕೊಂಡಿತು. 1998ರಲ್ಲಿ ತಿರುವನಂತಪುರದಲ್ಲಿ ಭಾರತದ ಟೆಕ್ ಬಳಕೆದಾರರ ಬಳಗ ಹುಟ್ಟಿದ ಮೇಲೆ ದಕ್ಷಿಣದ ಈ ಕೆಲಸಗಳಿಗೆ ಒಂದು ನೆರೆಹೊರೆಯೂ ಸಿಕ್ಕಿತು.

ಇದಕ್ಕೆ ಹೋಲಿಸಿದರೆ ಜನಸಾಮಾನ್ಯರ ಕನ್ನಡ ತಂತ್ರಾಂಶಗಳ ದಾರಿ ಬೇರೆ. 1998ರ ಬರಹ, ಅನಂತರದ ನುಡಿ ಉಚಿತವಾಗಿ ಸಿಕ್ಕವು. ಅವು ಇಲ್ಲದೆ ಕನ್ನಡ ಅಚ್ಚಿನ ಲೋಕ ಗಣಕಕ್ಕೆ ಹೊರಳುತ್ತಲೇ ಇರಲಿಲ್ಲ. ಆದರೆ ಉಚಿತ ಬೇರೆ, ಮುಕ್ತ ಬೇರೆ. ಬಳಕೆದಾರರಿಗೆ ಸಿಕ್ಕಿದ್ದು ಓಡುವ ಪ್ರೋಗ್ರಾಂ, ಸೋರ್ಸ್ ಕೋಡ್ ಅಲ್ಲ. ಮೈಸೂರಿನ ಈಶಾನ್ಯ ಅಂಚಿನ ಕೆಸರೆಯಂಥ ಬಡಾವಣೆಯ ಡಿಟಿಪಿ ಅಂಗಡಿಗೆ ಹೋಗಿ ಹಳೆಯ ಮದುವೆ ಕರೆಯೋಲೆಯ ಫೈಲನ್ನು ಕೇಳಿ, ಅದನ್ನು ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದು ನೋಡಿ: ವಧೂವರರ ಹೆಸರಿನ ಜಾಗದಲ್ಲಿ ರೋಮನ್ ಅಕ್ಷರಗಳ, ತಲೆಯ ಮೇಲೆ ಚುಕ್ಕೆ ಗೀರುಗಳಿರುವ ಯುರೋಪಿನ ಚಿಹ್ನೆಗಳ ಸಾಲು ಕಾಣುತ್ತದೆ. ರೋಮನ್ ‘ಸಿ’ಯ ಮನೆಯಲ್ಲಿ ‘ಅ’, ‘ಡಿ’ಯ ಮನೆಯಲ್ಲಿ ‘ಆ’, ‘ಇ’ಯ ಮನೆಯಲ್ಲಿ ನಮ್ಮ ‘ಇ’ ಕುಳಿತಿರುವುದೇ ಇದಕ್ಕೆ ಕಾರಣ. ಒಂದೇ ಸಂಕೇತಪಟ್ಟಿಯನ್ನು ಸರ್ಕಾರ ಮಾನಕವೆಂದು ಒಪ್ಪಿದ್ದರಿಂದ ಗೊಂದಲ ಕೊಂಚ ತಗ್ಗಿತು, ಅಷ್ಟೇ.

ಈ ಗಂಟನ್ನು ಬಿಡಿಸಿದ್ದು ಬಯಲಿನಲ್ಲಿ ಇಟ್ಟ ಕೋಡ್. ಗುಬ್ಬಿ, ನವಿಲು ಫಾಂಟುಗಳನ್ನು ರೂಪಿಸಿದ ಅರವಿಂದ ವಿ.ಕೆ. ಅವರು ಪೈಥಾನ್‌ನಲ್ಲಿ ಬರೆದ ಆಸ್ಕಿ–ಯೂನಿಕೋಡ್ ಪರಿವರ್ತಕ ಗಿಟ್‌ಹಬ್‌ನಲ್ಲಿದೆ. ಯಾರು ಬೇಕಾದರೂ ತೆರೆದು ಓದಬಹುದು. ಓದಿದರೆ ತಿಳಿಯುತ್ತದೆ, ಅದರ ಬಹುಪಾಲು ಒಂದು ಉದ್ದನೆಯ ಪಟ್ಟಿ: ಈ ಚಿಹ್ನೆ ಬಂದರೆ ಈ ಅಕ್ಷರ. ಬುದ್ಧಿವಂತಿಕೆ ಇರುವುದು ಉಳಿದ ಕೆಲವು ಸಾಲುಗಳಲ್ಲಿ. ‘ಅರ್ಕ’ ಎಂಬ ಪದವನ್ನೇ ನೋಡಿ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಂಡ ಕ್ರಮದಲ್ಲಿ ಮೊದಲು ‘ಕ’, ಅದರ ಬಲಕ್ಕೆ ಅರ್ಕಾವೊತ್ತು ದಾಖಲಾಗಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮ: ಮೊದಲು ‘ರ’, ಆಮೇಲೆ ಹಲಂತ, ಆಮೇಲೆ ‘ಕ’. ಆದ್ದರಿಂದ ಪ್ರೋಗ್ರಾಂ ಅರ್ಕಾವೊತ್ತನ್ನು ಕಂಡೊಡನೆ ಹಿಂದಕ್ಕೆ ನಡೆದು, ವ್ಯಂಜನವನ್ನೂ ಅದಕ್ಕಂಟಿದ ಸ್ವರಚಿಹ್ನೆಯನ್ನೂ ದಾಟಿ, ರೇಫವನ್ನು ಅವುಗಳ ಮುಂದಕ್ಕೆ ತಂದು ಕೂರಿಸಬೇಕು. ಒತ್ತಕ್ಷರಗಳಿಗೂ ದೀರ್ಘಗಳಿಗೂ ಹೀಗೇ ಬೇರೆಬೇರೆ ನಿಯಮ. ಕೇಶಿರಾಜ ಸೂತ್ರ ಬರೆದ ನಾಡಿನಲ್ಲಿ ಇದೂ ಒಂದು ಬಗೆಯ ವ್ಯಾಕರಣವೆಂದು ಯಾರಾದರೂ ವಿದ್ಯಾರ್ಥಿಗಳಿಗೆ ಪಾಠ ಮಾಡಬಾರದೇಕೆ ಎಂದು ನನಗೆ ಆಗಾಗ ಅನಿಸುತ್ತದೆ.

ಫಾಂಟುಗಳದ್ದೂ ಇದೇ ಕಥೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಕೇದಗೆ, ಮಲ್ಲಿಗೆ ಫಾಂಟುಗಳು ಮುಕ್ತ ಪರವಾನಗಿಯಲ್ಲಿ ಬಿಡುಗಡೆಯಾದ್ದರಿಂದ ಡೆಬಿಯನ್ ಲಿನಕ್ಸಿನ ಭಂಡಾರ ಸೇರಿದವು. ಗುಬ್ಬಿ, ನವಿಲು ಹಿಂಬಾಲಿಸಿದವು. ಲಿನಕ್ಸಿನ ಡೆಸ್ಕ್‌ಟಾಪ್‌ಗಳಾದ ಗ್ನೋಮ್, ಕೆಡಿಇಗಳನ್ನು ಕನ್ನಡಕ್ಕೆ ತಂದ ಸ್ವಯಂಸೇವಕರು 2000ರ ದಶಕದ ಮೊದಲ ವರ್ಷಗಳಲ್ಲಿ ಸೋರ್ಸ್‌ಫೋರ್ಜ್‌ನಲ್ಲಿ ಠಿಕಾಣಿ ಹೂಡಿದ್ದರು. ಇತ್ತೀಚಿನದೆಂದರೆ ವಿ. ಕೃಷ್ಣ ಅವರು ದಶಕಗಳ ಕಾಲ ಒಂಟಿಯಾಗಿ ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು. ಕೈಲಾಶ್ ನಾಧ್ 2019ರಲ್ಲಿ ಅದನ್ನು ‘ಅಲರ್’ ಎಂಬ ಹೆಸರಿನಲ್ಲಿ ಅಂತರಜಾಲಕ್ಕೆ ತಂದಾಗ ಪದಗಳ ದತ್ತಾಂಶವನ್ನೂ ಮುಕ್ತವಾಗಿ ಬಿಟ್ಟರು. ಕಾಗುಣಿತ ತಪ್ಪಿ ಟೈಪಿಸಿದರೂ ಪದ ಹುಡುಕಿಕೊಡುವ ಧ್ವನಿಸಾಮ್ಯದ ಕೋಡ್ ಪ್ರತ್ಯೇಕ ಪ್ಯಾಕೇಜಾಗಿ ಸಿಗುತ್ತದೆ. ಮಾನಸಗಂಗೋತ್ರಿಯ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯಲ್ಲಿ ಭಾಷಾ ದತ್ತಾಂಶದ ದೊಡ್ಡ ಸಂಗ್ರಹವೇ ಇದೆ, ಆದರೆ ಅದು ಪಠ್ಯ ಮತ್ತು ಧ್ವನಿಯ ಭಂಡಾರ, ಕೋಡ್‌ನದಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು.

ಕೊನೆಗೆ ಮತ್ತೆ ಸಿಟ್ಯಾನ್‌ಗೆ. ಜೊನಾಥನ್ ಕ್ಯೂ 2004ರಲ್ಲಿ ಹೊರತಂದ ಝೀಟೆಕ್ ಯೂನಿಕೋಡನ್ನು ನೇರವಾಗಿ ಓದುವುದರಿಂದ, ಕನ್ನಡಕ್ಕೆ ನಡುವಿನ ಪ್ರೋಗ್ರಾಮಿನ ಗೊಡವೆ ತಪ್ಪಿತು. ಉಳಿದದ್ದು ಸಾಲಿನ ತುದಿಯಲ್ಲಿ ಪದ ಒಡೆಯುವ ಪ್ರಶ್ನೆ. ಎಲ್ಲ ಭಾಷೆಗಳ ಪದವಿಭಜನೆಯ ನಿಯಮಗಳನ್ನು ಮೋಯ್ಚಾ ಮಿಕ್ಲಾವೆಟ್ಸ್ ಮತ್ತು ಆರ್ಥರ್ ರಾಯ್ಟೆನಾವರ್ 2008ರಿಂದ ಒಂದೇ ಪ್ಯಾಕೇಜಿನಲ್ಲಿ ಒಟ್ಟುಗೂಡಿಸುತ್ತ ಬಂದರು. ಅದರಲ್ಲಿರುವ ಕನ್ನಡದ ಕಡತವನ್ನು ಬರೆದವರು ಕೇರಳದ ಸಂತೋಷ್ ತೊಟ್ಟಿಂಗಲ್. ಮಲಯಾಳಂಗಾಗಿ ಹೊರಟವರು ನೆರೆಯ ಭಾಷೆಗಳ ನಿಯಮಗಳನ್ನೂ ಬರೆದಿಟ್ಟರು. ಟೆಕ್ ಅನ್ನು ಪೂರ್ತಿಯಾಗಿ ಅನುಸ್ಥಾಪಿಸಿಕೊಂಡ ಯಾವುದೇ ಗಣಕದಲ್ಲಿ ಈ ಕಡತ ಸಿಗುತ್ತದೆ. ತೀರ ಚಿಕ್ಕದು. ಅಕ್ಷರದ ಪಕ್ಕ ಬೆಸ ಅಂಕಿ ಇದ್ದರೆ ಅಲ್ಲಿ ಒಡೆಯಬಹುದು, ಸಮ ಅಂಕಿ ಇದ್ದರೆ ಕೂಡದು. ವ್ಯಂಜನದ ಪಕ್ಕ 1. ಅನುಸ್ವಾರ, ವಿಸರ್ಗಗಳ ಹಿಂದೆ 2. ಹಲಂತದ ಎರಡೂ ಬದಿಗೆ 2. ಆದ್ದರಿಂದಲೇ ‘ಅಕ್ಷರ’ ಎಂಬುದು ಅ–ಕ್ಷ–ರ ಎಂದು ಒಡೆದೀತೇ ಹೊರತು ‘ಕ್ಷ’ ಮಾತ್ರ ಸೀಳುವುದಿಲ್ಲ.

ನಿಯಮ ಸರಿ, ಆದರೆ ಸಾಲದು. ಅಕ್ಷರ ಎಲ್ಲಿ ಮುಗಿಯುತ್ತದೆ ಎಂದು ಮಾತ್ರ ಅದಕ್ಕೆ ಗೊತ್ತು, ಪದ ಎಲ್ಲಿ ಕೂಡಿದೆ ಎಂದು ಗೊತ್ತಿಲ್ಲ. ‘ವಿದ್ಯಾರ್ಥಿನಿಲಯ’ವನ್ನು ‘ವಿದ್ಯಾರ್ಥಿ’ ಆದಮೇಲೆ ಒಡೆದರೆ ಓದು ಸರಾಗ. ‘ವಿದ್ಯಾರ್ಥಿನಿ’ ಎಂದು ಒಡೆದರೆ ಹುಡುಗರ ಹಾಸ್ಟೆಲಿನಲ್ಲಿ ಓದುಗ ಒಂದು ಗಳಿಗೆ ತಬ್ಬಿಬ್ಬಾಗುತ್ತಾನೆ. ಮೊಳೆ ಜೋಡಿಸುವ ಕಾಲದ ಒಳ್ಳೆಯ ಕಂಪೋಸಿಟರುಗಳು ಇದನ್ನು ಕಣ್ಣಳತೆಯಲ್ಲೇ ನಿಭಾಯಿಸುತ್ತಿದ್ದರು. ಸಮಾಸಪದಗಳ ಪಟ್ಟಿ ಮಾಡಿ, ಒಡೆಯಬೇಕಾದ ಜಾಗ ಗುರುತಿಸುವುದು ಕನ್ನಡ ಎಂ.ಎ. ವಿದ್ಯಾರ್ಥಿಗಳ ಒಂದು ತಂಡಕ್ಕೆ ಒಂದು ಬೇಸಿಗೆ ರಜೆಯ ಕೆಲಸ. ಅದು ಸಿದ್ಧವಾದರೆ ಎಲ್ಲಿ ಇಡುವುದೆಂದು ಸಮಿತಿ ಕೂರಬೇಕಾಗಿಲ್ಲ. ಕಡತ ಇದೆ, ಅದರ ಪರವಾನಗಿ ತಿದ್ದುಪಡಿಗೆ ತೆರೆದಿದೆ, ಕಳಿಸಿದ್ದನ್ನು ಪರಿಶೀಲಿಸಿ ಸೇರಿಸುವವರೂ ಇದ್ದಾರೆ.