ಹೇರ್ ಡೈ ಪೆಟ್ಟಿಗೆಯೊಳಗೆ ಏನಿದೆ? ಸಿಡ್ನಿ, ಮೆಲ್ಬರ್ನ್‌ನಲ್ಲಿ ಮಾರಲು ಏನೇನು ಬೇಕು?

ಸಿಡ್ನಿಯ ಹ್ಯಾರಿಸ್ ಪಾರ್ಕ್ ಇರಲಿ, ಮೆಲ್ಬರ್ನ್‌ನ ಡ್ಯಾಂಡೆನಾಂಗ್ ಇರಲಿ, ಇಂಡಿಯನ್ ದಿನಸಿ ಅಂಗಡಿಗೆ ಹೋದರೆ ಮಸಾಲೆ ಪುಡಿಯ ಜೊತೆಗೆ ಮೆಹಂದಿ, ಹೇರ್ ಡೈ ಕೂಡ ಸಿಗುತ್ತದೆ. ಗಲ್ಫ್‌ನಿಂದ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ ಕೆಲವರಿಗೆ ಇದನ್ನೇ ತರಿಸಿ ಮಾರುವ, ಇಲ್ಲವೇ ಸ್ವಂತ ಬ್ರ್ಯಾಂಡ್ ಮಾಡುವ ಯೋಚನೆ ಬರುವುದುಂಟು. ನೋಡಲು ಸಣ್ಣ ಪೆಟ್ಟಿಗೆ. ಆದರೆ ಅದರೊಳಗಿನ ಲೆಕ್ಕಾಚಾರ ಸಣ್ಣದಲ್ಲ.

ಬಣ್ಣ ಹಿಡಿಯುವುದು ಹೇಗೆ?

ಶಾಶ್ವತ ಡೈಗಳಲ್ಲಿ ಸಾಮಾನ್ಯವಾಗಿ ಎರಡು ಭಾಗ. ಒಂದರಲ್ಲಿ ಅಮೋನಿಯಾ ಅಥವಾ ಅಂಥದೇ ಕ್ಷಾರ ಮತ್ತು ಬಣ್ಣದ ಮೂಲವಸ್ತು. ಕಪ್ಪು ಬಣ್ಣಕ್ಕೆ ಹೆಚ್ಚಾಗಿ ಬಳಸುವುದು ಪಿಪಿಡಿ, ಅಂದರೆ ಪ್ಯಾರಾ ಫಿನೈಲಿನ್ ಡೈಅಮೀನ್. ಇನ್ನೊಂದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್. ಕ್ಷಾರವು ಕೂದಲಿನ ಹೊರಪದರ ಬಿಡಿಸುತ್ತದೆ, ಸಣ್ಣ ಕಣಗಳು ಒಳಗೆ ಹೋಗುತ್ತವೆ, ಪೆರಾಕ್ಸೈಡ್ ತಗಲಿದಾಗ ಒಂದಕ್ಕೊಂದು ಸೇರಿ ದೊಡ್ಡದಾಗಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಅದಕ್ಕೇ ತೊಳೆದರೂ ಹೋಗುವುದಿಲ್ಲ. ಪುಡಿ ಡೈಯಲ್ಲಿ ಪೆರಾಕ್ಸೈಡ್ ಕೊಡುವ ವಸ್ತು ಒಣಗಿದ ರೂಪದಲ್ಲೇ ಇರುತ್ತದೆ; ನೀರು ಬಿದ್ದ ಕೂಡಲೇ ಕೆಲಸ ಶುರು.

ಹಚ್ಚುವ ಸಾಧನವೂ ಮದ್ದಿನಷ್ಟೇ ಮುಖ್ಯ

ಸಲೂನ್‌ನಲ್ಲಿ ಹಚ್ಚುವವರು ಬೇರೆ, ಹಚ್ಚಿಸಿಕೊಳ್ಳುವವರು ಬೇರೆ. ಮನೆಯಲ್ಲಿ ಒಬ್ಬರೇ, ಕನ್ನಡಿ ಮುಂದೆ, ತಲೆಯ ಹಿಂಭಾಗ ಕಾಣದೇ ಹಚ್ಚಬೇಕು. ಹಾಗಾಗಿ ತಯಾರಕರು ಇಷ್ಟನ್ನು ನೋಡಲೇಬೇಕು:

• ದ್ರಾವಣ ತೀರಾ ತೆಳ್ಳಗಾದರೆ ಹಣೆಯ ಮೇಲೆ ಇಳಿದು ಕಣ್ಣಿಗೆ ಹೋಗುತ್ತದೆ. ಗಟ್ಟಿಯಾದರೆ ಬಾಟಲಿಯ ಮೂತಿಯಿಂದ ಬರುವುದಿಲ್ಲ. ಹಿಸುಕಿದಾಗ ಹರಿದು, ಕೂದಲ ಮೇಲೆ ನಿಲ್ಲುವ ಹದ ಬೇಕು.
• ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಎರಡನೇ ಸಲ ಹಚ್ಚುವಾಗ ಬುಡಕ್ಕೆ ಮಾತ್ರ ಸಾಕು. ಅದಕ್ಕೆ ಸಣ್ಣ ಬ್ರಷ್ ಅಥವಾ ಚೂಪು ಮೂತಿ ಒಳ್ಳೆಯದು. ತಲೆ ಪೂರ್ತಿ ಹಚ್ಚಲು ಬಾಚಣಿಗೆ ಮೂತಿ ಅಥವಾ ನೊರೆ ಪಂಪ್ ಸುಲಭ.
• ಬಟ್ಟಲು ಪ್ಲಾಸ್ಟಿಕ್ಕಿನದಿರಲಿ. ಲೋಹ ತಾಗಿದರೆ ಪೆರಾಕ್ಸೈಡ್ ಬೇಗ ಒಡೆಯುತ್ತದೆ.
• ಕಲಸಿದ ಮೇಲೆ ಅನಿಲ ಬರುತ್ತದೆ. ಮುಚ್ಚಳ ಬಿಗಿದು ಎತ್ತಿಟ್ಟರೆ ಬಾಟಲಿ ಒಡೆಯಬಹುದು. ಮಿಕ್ಕಿದ್ದನ್ನು ಚೆಲ್ಲಲೇಬೇಕು.
• ಗ್ಲೌಸ್ ಮತ್ತು ಸೂಚನಾ ಚೀಟಿಯೂ ಉತ್ಪನ್ನದ ಭಾಗವೇ, ಉಚಿತ ಕೊಡುಗೆ ಅಲ್ಲ.

ಆಸ್ಟ್ರೇಲಿಯಾದ ಕಾನೂನು

ಮಾರಾಟಕ್ಕಾಗಿ ಸೌಂದರ್ಯವರ್ಧಕ ತಯಾರಿಸುವವರು ಮತ್ತು ಆಮದು ಮಾಡುವವರು ಮೊದಲು ಎಐಸಿಐಎಸ್ ಎಂಬ ಕೈಗಾರಿಕಾ ರಾಸಾಯನಿಕ ಯೋಜನೆಯಲ್ಲಿ ನೋಂದಾಯಿಸಬೇಕು. 2020ರ ಜುಲೈ 1ರಿಂದ ಹಳೆಯ ನಿಕ್ನಾಸ್ ಬದಲಿಗೆ ಇದು ಜಾರಿಯಲ್ಲಿದೆ. ನೋಂದಣಿ ವರ್ಷ ಸೆಪ್ಟೆಂಬರ್ 1ರಿಂದ ಆಗಸ್ಟ್ 31; ಪ್ರತಿವರ್ಷ ನವೀಕರಣ. ಮನೆಯಲ್ಲಿ ಸಣ್ಣದಾಗಿ ಮಾಡಿ ಮಾರಿದರೂ ಮಾಫಿ ಇಲ್ಲ. ಪದಾರ್ಥಗಳ ಪಟ್ಟಿ ಲೇಬಲ್ ಮೇಲೆ ಕಡ್ಡಾಯ. ಪಿಪಿಡಿ ಇದ್ದರೆ, ಮೊದಲು ಚರ್ಮದ ಮೇಲೆ ಪರೀಕ್ಷಿಸಬೇಕು, ಹುಬ್ಬು, ರೆಪ್ಪೆಗೆ ಹಚ್ಚಬಾರದು ಎಂಬ ಎಚ್ಚರಿಕೆಯೂ ಬೇಕು.

ಹೊಸ ಮೂತಿ, ಹೊಸ ಬಾಟಲಿ ಮಾಡಿದವರಿಗೆ ಐಪಿ ಆಸ್ಟ್ರೇಲಿಯಾದಲ್ಲಿ ಎರಡು ದಾರಿ. ಹೊರನೋಟಕ್ಕೆ ಡಿಸೈನ್ ನೋಂದಣಿ: 5 ವರ್ಷ, ನವೀಕರಿಸಿದರೆ 10. ಕೆಲಸ ಮಾಡುವ ವಿಧಾನಕ್ಕೆ ಪೇಟೆಂಟ್: 20 ವರ್ಷ. ಅರ್ಜಿ ಹಾಕುವ ಮೊದಲು ನಾಲ್ಕು ಜನರಿಗೆ ತೋರಿಸದಿರುವುದೇ ಜಾಣತನ.

ಲೆಕ್ಕದ ಮಾತು: ಜಿಎಸ್‌ಟಿ ಶೇ. 10. ವ್ಯಾಪಾರದ ವಾರ್ಷಿಕ ವಹಿವಾಟು 75,000 ಡಾಲರ್ ಮುಟ್ಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಭಾರತದಿಂದ ತರಿಸುವವರು 2022ರ ಡಿಸೆಂಬರ್ 29ರಿಂದ ಜಾರಿಯಲ್ಲಿರುವ ಭಾರತ–ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದದ ಸುಂಕ ರಿಯಾಯಿತಿಯನ್ನೂ ವಿಚಾರಿಸಿಕೊಳ್ಳಬೇಕು.

ಬಳಸುವವರು ಮರೆಯಬಾರದ್ದು

"ಹತ್ತು ವರ್ಷದಿಂದ ಹಾಕ್ತಾ ಇದ್ದೇನೆ, ಏನೂ ಆಗಿಲ್ಲ" ಎನ್ನುವವರೇ ಹೆಚ್ಚು. ಆದರೆ ಪಿಪಿಡಿ ಅಲರ್ಜಿ ಹತ್ತು ವರ್ಷ ಹಾಕಿದ ಮೇಲೂ ಬರಬಹುದು. ಕೈಗೆ 'ಕಪ್ಪು ಮೆಹಂದಿ' ಹಾಕಿಸಿಕೊಂಡವರು ಇನ್ನೂ ಹುಷಾರಾಗಿರಬೇಕು. ಅದರಲ್ಲಿ ಪಿಪಿಡಿ ಬೆರೆಸಿರುವುದುಂಟು. ಅಸಲಿ ಮದರಂಗಿ ಕೊಡುವುದು ಕೆಂಪು-ಕಂದು ಬಣ್ಣ, ಅಚ್ಚ ಕಪ್ಪಲ್ಲ. ಹಾಗಾಗಿ ಪ್ರತಿ ಸಲವೂ ಚೀಟಿಯಲ್ಲಿ ಹೇಳಿದಂತೆ ಕಿವಿಯ ಹಿಂದೆ ಅಥವಾ ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ 48 ಗಂಟೆ ಕಾಯಬೇಕು. ತುರಿಕೆ, ಊತ ಬಂದರೆ ಆ ಡೈ ಬೇಡವೇ ಬೇಡ. ಮುಖ ಊದಿ ಉಸಿರು ಕಟ್ಟಿದರೆ ತಡಮಾಡದೆ ಆಂಬ್ಯುಲೆನ್ಸ್ ಕರೆಯಬೇಕು, ಆಸ್ಟ್ರೇಲಿಯಾದಲ್ಲಿ 000.

ಪಾಕೀಟನ್ನು ಮಕ್ಕಳ ಕೈಗೆ ಸಿಗುವಂತೆ ಇಡಬಾರದು. ಪಿಪಿಡಿ ಹೊಟ್ಟೆಗೆ ಹೋದರೆ ಗಂಟಲು ಊದಿ, ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಹಾಗೇನಾದರೂ ಆದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಆಸ್ಟ್ರೇಲಿಯಾದ ವಿಷ ಮಾಹಿತಿ ಕೇಂದ್ರದ ಸಂಖ್ಯೆ 13 11 26, ದಿನದ 24 ಗಂಟೆಯೂ ಸಿಗುತ್ತದೆ. ಅಲ್ಲಿರುವ ನಿಮ್ಮ ಮನೆಯವರಿಗೂ ಈ ನಂಬರ್ ಕಳಿಸಿಡಿ.