ಹಡಗಿನ ಡೆಕ್ಕೂ ನಂದಿಯ ಬೆಟ್ಟವೂ

ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾದು, ಆಂಧ್ರದ ಬಯಲನ್ನು ದಾಟಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನದಿ ಸಮುದ್ರಕ್ಕೆ ಹೋಗುವುದನ್ನು ಯಾರೂ ಆಕ್ಷೇಪಿಸಲಿಲ್ಲ. ಮನುಷ್ಯ ಹೋಗುವುದಕ್ಕೆ ಮಾತ್ರ ನಮ್ಮ ಹಿರಿಯರ ಅಡ್ಡಿಯಿತ್ತು. ಕಡಲು ದಾಟಿದರೆ ಜಾತಿ ಕೆಟ್ಟೀತೆಂಬ ಭಯವನ್ನು ಮೀರಿ ಹಡಗೇರಿದವನಿಗೆ ಎರಡನೆಯ ಪರೀಕ್ಷೆಯೊಂದು ಕಾದಿರುತ್ತಿತ್ತು. ಅದು ಊಟದ ಮೇಜಿನ ಚಾಕು-ಮುಳ್ಳುಗಳಿಂದ ತೊಡಗಿ, ರಾತ್ರಿ ಡೆಕ್ಕಿನ ಮೇಲೆ ವಾದ್ಯ ಮೊಳಗಿದಾಗ ತುದಿ ಮುಟ್ಟುತ್ತಿತ್ತು.

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಮುಂಬಯಿಯಿಂದ ಇಂಗ್ಲೆಂಡಿನ ದಾರಿ ಕೆಲವೇ ವಾರಗಳದಾಯಿತು. ಆ ವಾರಗಳನ್ನು ಕಳೆಯಲು ಬಿಳಿಯರು ಕಂಡುಕೊಂಡ ಉಪಾಯಗಳಲ್ಲಿ ಕುಣಿತ ಮುಖ್ಯವಾದದ್ದು. ಕುರ್ಚಿಗಳನ್ನು ಸರಿಸಿ, ಬಾವುಟಗಳನ್ನು ಕಟ್ಟಿ, ಹಲಗೆಯ ಮೇಲೆ ಸೀಮೆಸುಣ್ಣದ ಪುಡಿ ಎರಚಿದರೆ ಡೆಕ್ಕು ನರ್ತನಶಾಲೆಯಾಗುತ್ತಿತ್ತು. ಅಲೆ ಎದ್ದರೆ ವಾಲ್ಟ್ಜಿನ ಮೂರು ತಾಳಕ್ಕೆ ಸಮುದ್ರ ತನ್ನದೊಂದು ತಾಳವನ್ನು ಕೂಡಿಸುತ್ತಿತ್ತು!

ನಮ್ಮವರು ಬೆಚ್ಚಿದ್ದು ಕುಣಿತಕ್ಕಲ್ಲ. ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಿಗೆ ಕೋಲಾಟ ಹೊಸದೇ? ಕೈವಾರದ ಭಜನೆಯಲ್ಲಿ ಕಾಲು ತಾನಾಗಿ ಹೆಜ್ಜೆ ಹಾಕುವುದಿಲ್ಲವೇ? ಪರಸ್ತ್ರೀಯ ಸೊಂಟಕ್ಕೆ ಕೈಯಿಟ್ಟು, ಅವಳ ಗಂಡನೆದುರಿಗೇ ಸುತ್ತುವುದು ಅವರಿಗೆ ಅರ್ಥವಾಗದ ಸಂಗತಿ. ಆದರೆ ಈ ಸಂಕೋಚ ಪೂರ್ವದೇಶದ ಸೊತ್ತೇನೂ ಅಲ್ಲ. 1816ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯೇ ಈ ವಾಲ್ಟ್ಜನ್ನು ಅಸಭ್ಯವಾದ ಪರದೇಶೀ ಕುಣಿತವೆಂದು ಹಳಿದಿತ್ತು. ಮೊಮ್ಮಕ್ಕಳ ಕಾಲಕ್ಕೆ ಅದೇ ಸಭ್ಯತೆಯ ಗುರುತಾಯಿತು.

ಆ ಗುರುತನ್ನು ಬಯಸಿ ಬಳಲಿದವರಲ್ಲಿ ಒಬ್ಬ ಮುಂದೆ ಲೋಕಪ್ರಸಿದ್ಧನಾದ. 1888ರ ಸೆಪ್ಟೆಂಬರ್ 4ರಂದು, ಜಾತಿಯ ಬಹಿಷ್ಕಾರವನ್ನು ಹೊತ್ತು ಮುಂಬಯಿಯಲ್ಲಿ ಹಡಗೇರಿದ ತರುಣ ಮೋಹನದಾಸ ಗಾಂಧಿ, ಚಾಕು-ಮುಳ್ಳು ಹಿಡಿಯಲರಿಯದೆ ತನ್ನ ಕೋಣೆಯಲ್ಲೇ ಉಣ್ಣುತ್ತಿದ್ದ. ಲಂಡನ್ನಿನಲ್ಲಿ ಸಭ್ಯಗೃಹಸ್ಥನಾಗಬೇಕೆಂಬ ಹಂಬಲ ಹತ್ತಿ, ಮೂರು ಪೌಂಡು ತೆತ್ತು ನೃತ್ಯದ ತರಗತಿ ಸೇರಿದ. ಮೂರು ವಾರಗಳಲ್ಲಿ ಆರೇಳು ಪಾಠಗಳಾದವು. ಪಿಯಾನೋ ಏನು ಹೇಳುತ್ತಿದೆಯೆಂಬುದೇ ತಿಳಿಯದೆ ಕಾಲು ತಾಳ ತಪ್ಪಿತು. ಕಿವಿ ಪಳಗಲೆಂದು ಪಿಟೀಲನ್ನೂ ಕೊಂಡ. ಕೊನೆಗೆ, ತಾನು ಬಂದದ್ದು ಓದುವುದಕ್ಕೆ ಎಂಬ ಅರಿವು ಮೂಡಿ ಎಲ್ಲವನ್ನೂ ಬಿಟ್ಟ.

ಇದನ್ನು ಮುಚ್ಚಿಡದೆ ತಮ್ಮ ಆತ್ಮಕಥೆಯಲ್ಲಿ ಬರೆದವರು ಅವರೇ. ಆ ಕಥೆ ವಾರವಾರವೂ ಅಚ್ಚಾಗುತ್ತಿದ್ದ ಕಾಲದಲ್ಲೇ, 1927ರ ಬೇಸಿಗೆಯಲ್ಲಿ, ಕಾಯಿಲೆಯಿಂದ ಕುಗ್ಗಿದ ಗಾಂಧೀಜಿ ವಿಶ್ರಾಂತಿಗೆಂದು ನಂದಿಬೆಟ್ಟಕ್ಕೆ ಬಂದರು. ಅಂದು ಅವರು ತುಂಡು ಬಟ್ಟೆಯ ಮನುಷ್ಯ. ದೊರೆಗಳ ಬೇಸಿಗೆಯ ಬೀಡಾಗಿದ್ದ ಆ ಬೆಟ್ಟದ ಮೇಲೆ, ಕಲಿಯಲಾಗದ ಕುಣಿತದ ನಾಚಿಕೆ ಅವರಲ್ಲಿ ಉಳಿದಿರಲಿಲ್ಲ.

ಅದೇ ಬೆಟ್ಟದ ಸೆರಗಿನ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೂ ಕಡಲು ದಾಟಿದವರೇ. 1898ರಲ್ಲಿ ಜಪಾನು, 1906ರಲ್ಲಿ ನೀರು ಸರಬರಾಜಿನ ಕೆಲಸಕ್ಕಾಗಿ ಏಡನ್, ಅನಂತರ ಯೂರೋಪು, ಅಮೆರಿಕ. ಸೂಟು ತೊಟ್ಟರು, ಪೇಟವನ್ನು ಬಿಡಲಿಲ್ಲ. ಹೊರನಾಡುಗಳಲ್ಲಿ ಶಾಲೆ, ಕೈಗಾರಿಕೆಗಳನ್ನು ಕಣ್ಣಿಟ್ಟು ನೋಡಿದರು. ಅವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿದವು. ಗಾಂಧೀಜಿಗೂ ಇವರಿಗೂ ಯಂತ್ರದ ವಿಷಯದಲ್ಲಿ ಒಮ್ಮತವಿರಲಿಲ್ಲ. ಆದರೂ ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಇಬ್ಬರೂ ತಾವೇ ನಿರ್ಧರಿಸಿದರು.

ಆ ನಿರ್ಧಾರದ ಸ್ವಾತಂತ್ರ್ಯವೇ ಇಲ್ಲದ ಭಾರತೀಯರೂ ಆ ಹಡಗುಗಳಲ್ಲಿದ್ದರು. ಮೇಲೆ ಕುಣಿತ ನಡೆಯುವಾಗ ಕೆಳಗಿನ ಕುದಿಯುವ ಯಂತ್ರಕೋಣೆಯಲ್ಲಿ ಕಲ್ಲಿದ್ದಲು ತುಂಬುತ್ತಿದ್ದವರು ಬಹುಮಟ್ಟಿಗೆ ನಮ್ಮ ದೇಶದ ಲಸ್ಕರುಗಳು. ಅವರ ಬೆವರಿಲ್ಲದೆ ಮೇಲಿನ ಒಂದು ಹೆಜ್ಜೆಯೂ ಮುಂದೆ ಸಾಗುತ್ತಿರಲಿಲ್ಲ. ನರ್ತನದ ಚರಿತ್ರೆ ಬರೆದವರು ಈ ಕೋಣೆಗೆ ಇಳಿದು ನೋಡಿದ್ದು ಕಡಮೆ.

ಈಗ ಕಾಲ ತಿರುಗಿದೆ. ಬಹಿಷ್ಕಾರದ ಭಯವಿಲ್ಲದೆ ಚಿಕ್ಕಬಳ್ಳಾಪುರದ ಸಂಸಾರವೊಂದು ರಜೆಗೆ ಮುಂಬಯಿಯಲ್ಲಿ ವಿಹಾರನೌಕೆ ಹತ್ತಬಹುದು. ಸಂಜೆಯ ಕುಣಿತದಲ್ಲಿ ಸೇರಲೂಬಹುದು, ಕುರ್ಚಿಯಲ್ಲಿ ಕುಳಿತು ನೋಡಲೂಬಹುದು. ಹೆಜ್ಜೆ ತಪ್ಪಿದರೆ ನಕ್ಕುಬಿಡಬಹುದು. ಮೂರು ಪೌಂಡು ಕೊಟ್ಟೂ ತಾಳ ಹಿಡಿಯಲಾಗದವರ ಉದಾಹರಣೆ ನಮ್ಮ ಬೆಟ್ಟದ ಮೇಲೇ ಇದೆಯಷ್ಟೆ. ಆದರೆ ಕುಣಿಯಬಲ್ಲವನು ಬಾರದವನನ್ನು ಕೀಳಾಗಿ ಕಂಡರೆ, ಕುಣಿಯದವನು ಕುಣಿಯುವವಳ ಶೀಲವನ್ನು ಅಳೆದರೆ, ಹಡಗು ಎಷ್ಟು ದೂರ ಹೋದರೂ ನಾವು ದಡದಲ್ಲೇ ಉಳಿದಂತೆ.